ಭಾನುವಾರದ ಎರಡನೇ ತಟ್ಟೆ

ಭಾನುವಾರ ಆರಾಧನೆ ಮುಗಿಸಿ ಬಂದ ಕೂಡಲೇ ಇಸ್ತ್ರಿ ಅಕ್ಕ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಿದ್ದಳು. ಒಂದು ತನಗೆ, ಇನ್ನೊಂದು ಮನೆ ಬಿಟ್ಟು ಹೋದ ತಮ್ಮನಿಗೆ. ಊಟವಾದ ಮೇಲೆ ಆ ಖಾಲಿ ತಟ್ಟೆಯನ್ನೂ ತೊಳೆದು ಕವುಚಿಡುತ್ತಿದ್ದಳು. ದೂರವಾದವರನ್ನು ಮತ್ತೆ ಕೂಡಿಸುತ್ತೇನೆಂದು ದೇವರು ಮಾತು ಕೊಟ್ಟಿದ್ದಾನೆ, ಕೊಟ್ಟ ಮಾತಿಗೆ ಅವನು ತಪ್ಪುವವನಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಸಭೆಯಲ್ಲಿ ಎಲ್ಲರೆದುರು ತನ್ನ ನಂಬಿಕೆಯ ಸಾಕ್ಷಿ ಹೇಳಲು ಎದ್ದಾಗಲೂ ಇದನ್ನೇ ಹೇಳುತ್ತಿದ್ದಳು. ಕೇಳಿದವರ ಕಣ್ಣು ತುಂಬಿ ಬರುತ್ತಿತ್ತು. ವಾಗ್ದಾನವನ್ನು ನಂಬುವುದೆಂದರೆ ಹೀಗೆ ಎಂದು ಪಾಸ್ಟರೂ ತಲೆದೂಗುತ್ತಿದ್ದರು.

ತಮ್ಮ ಇದ್ದದ್ದು ಏಳು ಸಮುದ್ರದಾಚೆ ಏನಲ್ಲ. ಮಾರುಕಟ್ಟೆ ದಾಟಿದರೆ ಸಿಗುವ ಎರಡನೇ ಬೀದಿಯಲ್ಲಿ. ಅದೊಂದನ್ನು ಮಾತ್ರ ಅವಳು ಸಾಕ್ಷಿಯಲ್ಲಿ ಹೇಳುತ್ತಿರಲಿಲ್ಲ.

ಮನೆಯ ಮುಂಭಾಗದ ಇಸ್ತ್ರಿ ಅಂಗಡಿಯನ್ನು ಹಿಂದೆ ಇಬ್ಬರೂ ಸೇರಿ ನಡೆಸುತ್ತಿದ್ದರು. ಅವನದು ಬಲು ಅಚ್ಚುಕಟ್ಟಾದ ಕೈ. ಪ್ರತಿ ಅಂಗಿಯ ತೋಳಿನ ಮೇಲೆ ಹೆಬ್ಬೆರಳು ಎಳೆದು, ಸುಕ್ಕಿಲ್ಲವೆಂದು ಖಾತ್ರಿ ಮಾಡಿಕೊಂಡೇ ಪಕ್ಕಕ್ಕಿಡುತ್ತಿದ್ದ. ಆದರೆ ಮಾತಿಗೆ ಸಿಕ್ಕರೆ ಮೈಮರೆಯುವ ಆಸಾಮಿ. ಒಮ್ಮೆ ಗಿರಾಕಿಯೊಡನೆ ಹರಟುತ್ತಾ, ಮದುವೆ ಹುಡುಗಿಯ ಬಿಳಿ ಉಡುಪಿನ ಮೇಲೇ ಬಿಸಿ ಇಸ್ತ್ರಿಯನ್ನು ಮರೆತುಬಿಟ್ಟ. ಮದುವೆ ಮಾರನೆಯ ದಿನವೇ ಇತ್ತು. ಹುಡುಗಿಯ ತಾಯಿ ಸುಟ್ಟ ಉಡುಪನ್ನು ಎದೆಗವಚಿಕೊಂಡು ಬೀದಿಯಲ್ಲೇ ಅತ್ತಳು. ಅವಮಾನದಿಂದ ಕುದಿಯುತ್ತಿದ್ದ ಅಕ್ಕ ಎಲ್ಲರೆದುರೇ ತಮ್ಮನಿಗೆ ಹೇಳಿಬಿಟ್ಟಳು.

“ದೇವರೇ ಕೈ ಹಿಡ್ಕೊಂಡು ಕರ್ಕೊಂಡು ಬರೋ ತನಕ ಈ ಹೊಸ್ತಿಲು ತುಳಿಬೇಡ.”

ಅವನು ತುಳಿಯಲಿಲ್ಲ. ವರ್ಷಗಳು ಉರುಳಿದವು. ಅವಳ ಸಿಟ್ಟು ಎಂದೋ ತಣ್ಣಗಾಗಿತ್ತು. ಉಳಿದದ್ದು ಬಿಗುಮಾನ. ಅದಕ್ಕೇ ಅವಳು ನಂಬಿಕೆ ಎಂದು ಹೆಸರಿಟ್ಟುಕೊಂಡಿದ್ದಳು. ನೀನೇ ಒಂದು ಸಲ ಹೋಗಿ ಬರಬಾರದೇನಮ್ಮ ಎಂದು ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಮುದುಕ ಕೇಳಿದರೆ, ದೇವರ ಕೆಲಸದಲ್ಲಿ ನಾನ್ಯಾಕೆ ತಲೆ ಹಾಕಲಿ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಅಂಗಡಿ ಮುಂದೆ ಬಂದು ನಿಂತಳು. ಅವನಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು. ಮಾತು ನಿಂತಿತ್ತು, ಮತ್ತೆ ಬರುವುದು ಅನುಮಾನ ಎಂದಿದ್ದರು ಡಾಕ್ಟರು.

“ದೇವರು ಅವನನ್ನ ಕರ್ಕೊಂಡು ಬರ್ತಾನೆ ಅಂತ ನಂಬಿದ್ದೆ ಕಣಮ್ಮ,” ಎಂದಳು ಅಕ್ಕ. “ಪ್ರತಿ ಭಾನುವಾರ ಅವನ ತಟ್ಟೆ ಇಟ್ಟಿದ್ದೀನಿ.”

“ಅದು ಅವರಿಗೆ ಗೊತ್ತಿರಲಿಲ್ಲ ಅಕ್ಕ. ದೇವರು ಒಂದಿನ ನಿಮ್ಮ ಮನಸ್ಸು ಕರಗಿಸ್ತಾನೆ, ನೀವೇ ಬಂದು ಕರೀತೀರಿ ಅಂತ ಅವರೂ ನಂಬಿದ್ರು. ಭಾನುವಾರ ಊಟದ ಹೊತ್ತಿಗೆ ಒಳ್ಳೆ ಶರ್ಟು ಹಾಕ್ಕೊಂಡು ಬಾಗಿಲಲ್ಲೇ ಕೂತಿರೋರು. ನೀವೇ ಹೋಗಿ ಅಂದ್ರೆ, ಅಕ್ಕನ ಮಾತು ಮೀರಲ್ಲ ಅನ್ನೋರು.”

ಅಕ್ಕನ ಮನಸ್ಸು ಎಂದೋ ಕರಗಿತ್ತಲ್ಲ! ದೇವರು ತನ್ನ ಪಾಲಿನದನ್ನು ಮಾಡಿ ಎಷ್ಟು ಕಾಲವಾಗಿತ್ತೋ. ಬಾಕಿ ಇದ್ದದ್ದು ಮಾರುಕಟ್ಟೆ ದಾಟುವುದೊಂದೇ. ಅವಳು ಇಸ್ತ್ರಿಯ ಸ್ವಿಚ್ ಆರಿಸಿದಳು, ಒಳಗೆ ಹೋಗಿ ಕವುಚಿಟ್ಟಿದ್ದ ತಟ್ಟೆ ತೆಗೆದು ಅಡುಗೆ ಬಡಿಸಿಕೊಂಡಳು, ಮೇಲೆ ಬಟ್ಟೆ ಮುಚ್ಚಿ ಹೊರಟಳು. ಅಂಗಡಿ ಬಾಗಿಲು ಹಾಕುವುದೂ ನೆನಪಾಗಲಿಲ್ಲ.

ತಮ್ಮ ಕಿಟಕಿಯ ಪಕ್ಕ ದಿಂಬಿಗೊರಗಿದ್ದ. ಅವಳನ್ನು ಕಂಡು ತುಟಿ ಅಲುಗಿತು, ದನಿ ಬರಲಿಲ್ಲ. ಅವಳು ಮಂಚದ ಅಂಚಿನಲ್ಲಿ ಕೂತು, ಚಿಕ್ಕ ಚಿಕ್ಕ ತುತ್ತು ಮಾಡಿ ತಿನ್ನಿಸಿದಳು.

“ದೇವರೇ ಕೈ ಹಿಡ್ಕೊಂಡು ಕರ್ಕೊಂಡು ಬಂದ ಕಣೋ,” ಎಂದಳು. “ನಿನ್ನಲ್ಲ, ನನ್ನ. ನಾನೇ ಏಳೋದಕ್ಕೆ ತಡ ಮಾಡ್ದೆ.”

ಅವನ ಎಡಗೈ ಮೆಲ್ಲಗೆ ಎದ್ದು ಅವಳ ತೋಳಿನ ಮೇಲೆ ಬಂತು. ಇಸ್ತ್ರಿ ಕಾಣದ ಆ ರವಿಕೆಯ ಸುಕ್ಕಿನ ಮೇಲೆ ಹೆಬ್ಬೆರಳು ಎಳೆದ. ಮತ್ತೊಮ್ಮೆ ಎಳೆದ. ಅವಳು ತೋಳು ಅಲುಗಿಸಲಿಲ್ಲ. ‘ಅಕ್ಕಾ’ ಎಂಬ ಒಂದು ಮಾತಿಗಾಗಿ ಅವನ ತುಟಿಯನ್ನೇ ನೋಡುತ್ತಾ ಕೂತಿದ್ದಳು.