ಉಗೊಲೀನಾಳ ಹೆಣ ಯಾರದು

ಉಗೊಲೀನಾಗೆ ಗಂಡ ಸತ್ತ ಮೇಲೆ ದಾನದ ಹುಚ್ಚು ಹಿಡಿಯಿತು. ಮೊದಲು ಅವಳ ಉಣ್ಣೆಯ ನಿಲುವಂಗಿಗಳು ಹೋದವು, ಆಮೇಲೆ ಹಾಸಿಗೆ, ಹೊದಿಕೆ. ಓರಗಿತ್ತಿ ಒರಾಬಿಲೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಆದರೆ ಊರಿಗೆ ಊರೇ ಹಸಿದಿದ್ದ ಆ ಚಳಿಗಾಲದ ಒಂದು ಮುಂಜಾನೆ ಅವಳು ಪೆಟ್ಟಿಗೆ ತೆರೆದರೆ ಚೆಸ್ಟ್‌ನಟ್ ಕಾಯಿಯ ಹಿಟ್ಟು ತಳ ಕಂಡಿತ್ತು. ಈಸ್ಟರ್ ಹಬ್ಬದ ತನಕ ಬರಬೇಕಾಗಿದ್ದ ಹಿಟ್ಟು ಕೋಟೆ ಬಾಗಿಲಾಚೆಯ ಕುಷ್ಠರೋಗಿಗಳ ಹೊಟ್ಟೆ ಸೇರಿತ್ತು.

"ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿ ಸ್ವರ್ಗಕ್ಕೆ ಏಣಿ ಇಡ್ತೀಯೇನೇ?"

"ಅವರು ಮೂರು ದಿನದಿಂದ ಏನೂ ತಿಂದಿರ್ಲಿಲ್ಲ ಅಕ್ಕಾ. ನಮ್ಮನೇಲಿ ಇನ್ನೂ ಉಪ್ಪು ಹಾಕಿದ ಮಾಂಸ ಇದೆಯಲ್ಲ."

"ನಮ್ಮನೆಯಂತೆ, ನಮ್ಮನೆ! ಆ ಕೊಳೆತವರೇ ನಿನ್ನ ನೆಂಟರು. ಹೋಗು, ಅಲ್ಲೇ ಬಿದ್ದಿರು."

ಒರಾಬಿಲೆ ಅವಳ ರಟ್ಟೆ ಹಿಡಿದು ಬೀದಿಗೆ ನೂಕಿದಳು. ಬೀದಿಯ ಜನ ನಿಂತು ನೋಡಿದರು. ರೊಟ್ಟಿ ಸುಡುವವನ ಹೆಂಡತಿ ಫಿಯೋರೆ ಮೇಲಿನ ಕಿಟಕಿಯಿಂದ ಮುಸುರೆ ನೀರು ಸುರಿದು ನಕ್ಕಳು.

ಅದೇ ವರ್ಷ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒರಾಬಿಲೆಯ ಕೊನೆಯ ಹೆಣ್ಣುಮಗು ಸೊರಗಿ ಸತ್ತಿತು. ಹಿಟ್ಟಿದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಒರಾಬಿಲೆಗೆ ಮಾತ್ರ ಅನುಮಾನವಿರಲಿಲ್ಲ.

ಹನ್ನೊಂದು ವರ್ಷ ಉಗೊಲೀನಾ ರೋಗಿಗಳ ನಡುವೆ ಬದುಕಿದಳು. ಅವರ ಹುಣ್ಣು ತೊಳೆದಳು, ಅವರಿಗಾಗಿ ಊರೊಳಗೆ ಬೇಡಿದಳು. ಜನ ನಾಯಿ ಛೂ ಬಿಟ್ಟರು. ಕಲ್ಲು ಬಿದ್ದು ಅವಳ ಹಣೆ ಒಡೆದ ದಿನ ಒರಾಬಿಲೆ ನೋಡಿಯೂ ಬಾಗಿಲು ಹಾಕಿಕೊಂಡಳು.

ಕೊನೆಗೆ ಜ್ವರ ಬಂದು ಉಗೊಲೀನಾ ಸತ್ತಳು. ಅವಳ ಹೊದಿಕೆ ಮುಟ್ಟಿದ ಅಗಸಗಿತ್ತಿಯ ಸೆಟೆದ ಕೈ ಸಡಿಲವಾಯಿತೆಂದು ಸುದ್ದಿ ಹಬ್ಬಿದ್ದೇ ತಡ, ನಿನ್ನೆಯ ಹುಚ್ಚಿ ಇವತ್ತು ಸಂತಳಾದಳು. ಪಕ್ಕದೂರಿನ ಇಗರ್ಜಿಯಲ್ಲಿ ಸಂತನೊಬ್ಬನ ಮೂಳೆಗಳಿದ್ದವು, ಅವನ್ನು ಮುಟ್ಟಲು ಯಾತ್ರಿಕರು ಕಾಣಿಕೆ ಹಿಡಿದು ಬರುತ್ತಿದ್ದರು; ಈ ಊರಿಗೆ ಏನೂ ಇರಲಿಲ್ಲ. ಪಾದ್ರಿ ರುಸ್ತಿಕೋ ಒರಾಬಿಲೆಯ ಮನೆಗೆ ಓಡಿ ಬಂದ.

"ಆ ರೋಗಿಗಳು ಹೆಣ ಕೊಡಲ್ಲ ಅಂತಿದ್ದಾರಮ್ಮ. ರಕ್ತಸಂಬಂಧ ಇಲ್ದಿದ್ರೂ ಮನೆಯವರು ನೀವೇ. 'ನಮ್ಮವಳು' ಅಂತ ಒಂದು ಮಾತು ಹೇಳಿಬಿಡಿ ಸಾಕು, ಮನೆಯವರು ಕೇಳಿದ್ರೆ ಅವರು ತಡೆಯೋ ಹಾಗಿಲ್ಲ."

ಅವಳು ಹೋದಳು. ಹಿಂದೆ ಇಡೀ ಊರು. ರೋಗಿಗಳು ಊರುಗೋಲು ಅಡ್ಡ ಹಿಡಿದು ತಮ್ಮ ಗುಡಿಸಲ ಬಾಗಿಲಲ್ಲಿ ನಿಂತಿದ್ದರು. ಬೆರಳಿಲ್ಲದ ಮುದುಕಿ ಮಿಂಗಾರ್ದಾ ಮುಂದೆ ಬಂದಳು.

"ಬದುಕಿದ್ದಾಗ ಕಲ್ಲು ಹೊಡೆದ್ರಿ, ಈಗ ಚಟ್ಟ ತಂದ್ರಾ? ಬನ್ನಿ, ನನ್ನನ್ನ ತಬ್ಬಿಕೊಂಡು ಒಳಗೆ ಹೋಗಿ. ಯಾರಿಗಿದೆ ಧೈರ್ಯ?"

ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

ತೆರೆದ ಬಾಗಿಲಿನಿಂದ ಒರಾಬಿಲೆಗೆ ಹುಲ್ಲಿನ ಮೇಲೆ ಮಲಗಿಸಿದ್ದ ಹೆಣದ ಪಾದಗಳು ಕಂಡವು, ಸೀಳಿ ಹೋದ ಕಪ್ಪು ಪಾದಗಳು. ಅವಳ ಎದೆ ಕರಗಲಿಲ್ಲ. ಆದರೆ ಪಕ್ಕದಲ್ಲಿ ಫಿಯೋರೆ ಕತ್ತರಿ ಹಿಡಿದು ಬಿಕ್ಕುತ್ತಿದ್ದಳು: "ನಮ್ಮವ್ವ, ನಮ್ಮ ತಾಯಿ! ತಾಯತಕ್ಕೆ ನಿನ್ನ ಬಟ್ಟೆಯ ಚೂರಾದ್ರೂ ಸಿಕ್ಕಿದ್ರೆ ಸಾಕು." ಒರಾಬಿಲೆಯ ಮೈ ಉರಿಯಿತು.

"ಹೇಳಮ್ಮ," ಎಂದ ಪಾದ್ರಿ.

"ಇವಳು ನಮ್ಮವಳಲ್ಲ. ನಾನೇ ಹೊರಗೆ ದಬ್ಬಿದೆ. ನೀವೆಲ್ಲ ನಿಂತು ನೋಡಿದ್ರಿ. ಫಿಯೋರೆ, ನೀನು ಮುಸುರೆ ಸುರಿದೆ. ನನ್ನ ಮಗು ಸತ್ತಿದ್ದಕ್ಕೆ ಇವಳನ್ನ ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಹಾಗಂತ ಸುಳ್ಳು ಹೇಳಿ ನಿಮ್ಮ ಕತ್ತರಿಗೆ ಕೊಡಲ್ಲ."

"ಪಾಪಿ! ಊರಿಗೆ ಬಂದ ಭಾಗ್ಯ ಒದ್ದೆಯಲ್ಲೇ!" ಪಾದ್ರಿ ಕೂಗಿದ. ಯಾರೋ ಎಸೆದ ಕಲ್ಲು ಅವಳ ಭುಜಕ್ಕೆ ಬಡಿಯಿತು. ಉಗಿದು, ಶಪಿಸಿ ಜನ ಊರಿಗೆ ಹಿಂತಿರುಗಿದರು. ಅಂದಿನಿಂದ ಇಗರ್ಜಿಯಲ್ಲಿ ಅವಳ ಪಕ್ಕ ಯಾರೂ ನಿಲ್ಲಲಿಲ್ಲ.

ರೋಗಿಗಳು ಅಂದೇ ಬೇಲಿಯೊಳಗೆ ಗುಂಡಿ ತೋಡಿದರು. ಒರಾಬಿಲೆ ಬೇಲಿಯಾಚೆ ನಿಂತಿದ್ದಳು. ಮಿಂಗಾರ್ದಾ ಮೊಂಡು ಕೈಗಳಲ್ಲಿ ಒಂದಿಷ್ಟು ಮಣ್ಣು ತಂದು ಚಾಚಿದಳು. ಒರಾಬಿಲೆ ತೆಗೆದುಕೊಳ್ಳಲಿಲ್ಲ. ಗುಂಡಿ ಮುಚ್ಚುವ ತನಕ ಅಲ್ಲಿಂದ ಕದಲಲೂ ಇಲ್ಲ.