ಉಗ್ರಾಣದ ಮೂರನೆಯ ಲೋಟ

ಹಿಟ್ಟು ಎಲ್ಲಿಟ್ಟರೆ ಚೆನ್ನಾಗಿ ಉಬ್ಬುತ್ತದೆ ಎಂಬುದು ಆ ಬೇಕರಿಯಲ್ಲಿ ಇಪ್ಪತ್ತು ವರ್ಷದ ಜಗಳ. ಓವನ್ನಿನ ಮೇಲಿನ ಹಲಗೆಯ ಮೇಲೆ ಎನ್ನುತ್ತಿದ್ದ ಬೇಕರಿಯವನು. ಹಿಂದಿನ ತಣ್ಣನೆಯ ಉಗ್ರಾಣದಲ್ಲಿ ಎನ್ನುತ್ತಿದ್ದಳು ಅವನ ತಾಯಿ. ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ವಾದ ಹೂಡುತ್ತಿದ್ದಳು, ಅವನು ಹಿಟ್ಟು ನಾದುತ್ತಲೇ ಉತ್ತರ ಕೊಡುತ್ತಿದ್ದ, ನಡುವೆ ಗಿರಾಕಿಗಳು ಬ್ರೆಡ್ ತೆಗೆದುಕೊಂಡು ಹೋಗುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿದ್ದ ಅವನ ಮಗಳು ವಿಜ್ಞಾನದ ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ.

"ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ. ಅಳೆದು ಹೇಳ್ತೀನಿ," ಅಂದಳು.

ಜೊತೆಗಾತಿಯಾಗಿ ಬಂದವಳು ಅವಳ ಸಹಪಾಠಿ. ತನ್ನ ಮಾವನ ದೊಡ್ಡ ಕೈಗಡಿಯಾರವನ್ನು ಮೊಣಕೈವರೆಗೆ ಜಾರಿಸಿಕೊಂಡು ಓಡಾಡುವ ಅವಳಿಗೆ ತರಗತಿಯಲ್ಲಿ ಗಡಿಯಾರ ಎಂದೇ ಹೆಸರು. ಒಂದೇ ಅಳತೆಯ ಮೂರು ಗಾಜಿನ ಲೋಟ, ಒಂದೇ ಮುದ್ದೆಯಿಂದ ತಲಾ ಐವತ್ತು ಗ್ರಾಂ ಹಿಟ್ಟು. ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್, ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು. ಹಿಟ್ಟು ಮೇಲಿನ ಬ್ಯಾಂಡ್ ಮುಟ್ಟಲು ಎಷ್ಟು ನಿಮಿಷ ಬೇಕು ಎಂಬುದೇ ಪ್ರಶ್ನೆ. ಓವನ್ನಿನ ಮೇಲೆ ಮೂವತ್ನಾಲ್ಕು ಡಿಗ್ರಿ, ಕಿಟಕಿಯ ಬಳಿ ಇಪ್ಪತ್ತಾರು, ಉಗ್ರಾಣದಲ್ಲಿ ಇಪ್ಪತ್ತೊಂದು. ಪ್ರತಿ ಜಾಗದಲ್ಲೂ ಮೂರು ಸಲ ಅಳೆಯಲೇಬೇಕು, ಸೋಮವಾರ ಬೆಳಗ್ಗೆ ಪುಸ್ತಕ ಮೇಜಿನ ಮೇಲಿರಬೇಕು ಎಂದು ವಿಜ್ಞಾನದ ಮೇಡಂ ಹೇಳಿದ್ದರು. ದೊಡ್ಡ ಪ್ರದರ್ಶನಕ್ಕೆ ಶಾಲೆಯಿಂದ ಹೋಗುವುದು ಒಂದೇ ಪ್ರಾಜೆಕ್ಟ್. ಅದು ತನ್ನದಾಗಬೇಕೆಂದು ಮಗಳು ಎರಡು ವಾರದಿಂದ ಊಟಕ್ಕೂ ಸ್ಕೇಲ್ ಹಿಡಿದೇ ಬರುತ್ತಿದ್ದಳು.

"ಅಪ್ಪ, ಲೋಟ ಮಾತ್ರ ಮುಟ್ಟಬಾರದು."

"ನಾನ್ಯಾಕೆ ಮುಟ್ಟಲಿ?" ಅಂದಿದ್ದ ಅವನು.

ಉಗ್ರಾಣದ ಲೋಟ ಮೊದಲ ದಿನ ನೂರಮೂವತ್ತು ನಿಮಿಷ ತೆಗೆದುಕೊಂಡಿತು, ಎರಡನೆಯ ದಿನ ನೂರಿಪ್ಪತ್ತೈದು. ಅಷ್ಟು ನಿಧಾನದ್ದನ್ನು ಕಾಯುತ್ತ ಕೂರುವುದು ದಂಡವೆಂದು, ಮೂರನೆಯ ದಿನವಾದ ಭಾನುವಾರ ಹುಡುಗಿಯರು ಮೊದಲ ಒಂದೂವರೆ ಗಂಟೆ ಅದನ್ನು ಅರ್ಧ ಗಂಟೆಗೊಮ್ಮೆ ಮಾತ್ರ ನೋಡುವುದೆಂದು ಗೊತ್ತುಮಾಡಿಕೊಂಡರು.

ಎಡವಟ್ಟಾದದ್ದು ಆ ಬಿಡುವಿನಲ್ಲೇ. ಎರಡನೆಯ ಸಲ ನೋಡಿ ಹುಡುಗಿಯರು ಕಿಟಕಿಯ ಬಳಿಗೆ ಹೋದಾಗ ಬೇಕರಿಯವನು ಮೈದಾ ತರಲು ಉಗ್ರಾಣಕ್ಕೆ ಹೋದ. ಮೂಲೆಯಲ್ಲಿ ಲೋಟ ಕಂಡಿತು. ಓವನ್ನಿನ ಮೇಲಿನದು ಉಬ್ಬಿ ಮುಗಿದು, ಅಲ್ಲಿ ಜಾಗ ಖಾಲಿಯಾಗಿತ್ತು. ಇದು ಮಾತ್ರ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಹಿಂದೆ ಬಿದ್ದ ಹಿಟ್ಟನ್ನು ಕಂಡರೆ ಬೆಚ್ಚಗಿನ ಕಡೆಗೆ ಸರಿಸುವುದು ಅವನ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ. ಒಂದು ಕೈಯಲ್ಲಿ ಮೈದಾ, ಇನ್ನೊಂದರಲ್ಲಿ ಲೋಟ ಹಿಡಿದು ಬಂದು, ಲೋಟವನ್ನು ಓವನ್ನಿನ ಮೇಲಿಟ್ಟು ಕೆಲಸಕ್ಕೆ ನಿಂತ. ತಾನೇನು ಮಾಡಿದೆ ಎಂಬುದು ಹೊಳೆದದ್ದು, "ಇನ್ನೈದು ನಿಮಿಷಕ್ಕೆ ಉಗ್ರಾಣ," ಎಂದು ಗಡಿಯಾರ ಕೂಗಿದಾಗ. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಲೋಟವನ್ನು ಮೊದಲಿನ ಜಾಗದಲ್ಲಿಟ್ಟು ಬಂದ.

ತೊಂಬತ್ತೈದನೆಯ ನಿಮಿಷಕ್ಕೆ ಹಿಟ್ಟು ಬ್ಯಾಂಡ್ ಮುಟ್ಟಿತು.

ಹುಡುಗಿಯರು ಥರ್ಮಾಮೀಟರ್ ನೋಡಿದರು, ಇಪ್ಪತ್ತೊಂದೇ ಇತ್ತು. ಲೋಟ ತಿರುಗಿಸಿ ನೋಡಿದರು.

"ನೂರಿಪ್ಪತ್ತೈದು ಅಂತ ಬರೆದುಬಿಡು ಕಣೇ," ಅಂದಳು ಗಡಿಯಾರ. "ಹಿಟ್ಟೇನು ಬಂದು ಸಾಕ್ಷಿ ಹೇಳುತ್ತಾ?"

"ಕಂಡದ್ದು ತೊಂಬತ್ತೈದು. ಅದನ್ನೇ ಬರೀತೀನಿ."

"ಯಾಕೆ ಹಾಗಾಯ್ತು ಅಂತ ಮೇಡಂ ಕೇಳಿದ್ರೆ?"

"ಗೊತ್ತಿಲ್ಲ ಅಂತೀನಿ." ಮಗಳ ದನಿ ಇಳಿಯಿತು. "ಪ್ರದರ್ಶನ ಬೇರೆಯವರಿಗೆ ಹೋಗುತ್ತೆ, ಇನ್ನೇನು."

ಬೇಕರಿಯವನು ನಾದಿ ಮುಗಿದ ಹಿಟ್ಟನ್ನೇ ಮತ್ತೆ ನಾದುತ್ತಿದ್ದ. ಗಲ್ಲಾದ ಕಡೆಯಿಂದ ಅವನ ತಾಯಿ, "ಏನೋ ಮಗನೇ," ಅಂದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಆ ಹಿಟ್ಟನ್ನ ಎಷ್ಟು ಸಲ ಗುದ್ದುತೀಯ?"

ಅವನು ಕೈ ಒರೆಸಿಕೊಂಡ.

"ಲೋಟ ನಾನು ಓವನ್ ಮೇಲೆ ಇಟ್ಟಿದ್ದೆ," ಅಂದ. "ಪಾಪ, ಹಿಂದೆ ಬಿದ್ದಿತ್ತು."

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಆದರೆ ಮಗಳ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಪುಸ್ತಕ ತೆರೆದು ಪೆನ್ನು ಹಿಡಿದಳು.

"ಎಷ್ಟು ಹೊತ್ತಿಗೆ ಇಟ್ಟೆ? ಎಷ್ಟು ಹೊತ್ತು ಇತ್ತು?"

"ಗಡಿಯಾರ ಯಾರು ನೋಡಿದ್ರು? ಬನ್ನಿನ ಟ್ರೇ ಒಳಗೆ ಹಾಕಿದಾಗ ಇಟ್ಟೆ. ಅದು ಬೆಂದು, ಹೊರಗೆ ತೆಗೆದು, ಇನ್ನೊಂದು ಹಾಕಿದ್ಮೇಲೆ ತೆಗೆದೆ."

"ಬನ್ನಿಗೆ ಹದಿನೆಂಟು ನಿಮಿಷ," ಅಂದಳು ಅಜ್ಜಿ ಕೂತಲ್ಲಿಂದಲೇ. "ಟ್ರೇ ಬದಲಾಯಿಸೋಕೆ ಇವನಿಗೆ ನಾಲ್ಕು. ಇವನ ಅಪ್ಪನಿಗೆ ಎರಡೇ ಸಾಕಾಗ್ತಿತ್ತು."

"ಇಪ್ಪತ್ತೆರಡು," ಎಂದು ಬರೆದುಕೊಂಡಳು ಮಗಳು. "ಈಗ ಮೂರೂ ಲೋಟ ಮತ್ತೆ ಮೊದಲಿಂದ ಇಡಬೇಕು."

"ಮೂರೂ ಯಾಕೆ? ಕೆಟ್ಟಿದ್ದು ಒಂದು ತಾನೆ?"

"ಮೂರಕ್ಕೂ ಒಂದೇ ಮುದ್ದೆ ಹಿಟ್ಟು ಆಗಬೇಕಲ್ಲ ಅಪ್ಪ."

ಭಾನುವಾರ ಬೇಕರಿ ಅರ್ಧ ದಿನ. ಮಧ್ಯಾಹ್ನ ಬಾಗಿಲು ಹಾಕಿದ ಮೇಲೂ, ಮಾರಾಟಕ್ಕೆ ಒಂದು ಬನ್ನೂ ಇಲ್ಲದಿದ್ದರೂ, ಅವನು ಓವನ್ ಆರಲು ಬಿಡಲಿಲ್ಲ. "ಇವನ ಮದುವೆಗೆ ಕೂಡ ಭಾನುವಾರ ಹನ್ನೆರಡರ ಮೇಲೆ ಓವನ್ ಉರಿಸಿರಲಿಲ್ಲ," ಎಂದಳು ತಾಯಿ. ಆದರೂ ಮನೆಗೆ ಹೋಗದೆ ಕುರ್ಚಿಯನ್ನು ಉಗ್ರಾಣದ ಬಾಗಿಲಿಗೇ ಎಳೆದುಕೊಂಡು ಕಾವಲು ಕೂತಳು. ಮಗಳು ಅಪ್ಪನಿಗೂ ಒಂದು ಕೆಲಸ ಹಚ್ಚಿದಳು. ಐದು ನಿಮಿಷಕ್ಕೊಮ್ಮೆ ಹೋಗಿ ಲೋಟ ನೋಡಬೇಕು, ಎರಡೂ ಕೈ ಬೆನ್ನ ಹಿಂದೆ ಇರಬೇಕು.

ಹಿಟ್ಟು ತನ್ನಷ್ಟಕ್ಕೆ ಏಳುವುದನ್ನು ಅವನು ಅಲ್ಲಿಯವರೆಗೆ ಸುಮ್ಮನೆ ನಿಂತು ನೋಡಿರಲಿಲ್ಲ. ಗಾಜಿನ ಪಕ್ಕದಲ್ಲಿ ಸಣ್ಣ ಗುಳ್ಳೆಗಳು ಒಂದೊಂದಾಗಿ ದೊಡ್ಡವಾದವು. ನೂರಿಪ್ಪತ್ತನೆಯ ನಿಮಿಷಕ್ಕೆ ಅವನ ಬೆರಳು ತುರಿಸಿದವು. ನೂರಮೂವತ್ತಕ್ಕೆ, "ಮುಟ್ಟಿತು," ಎಂದು ಕೂಗಿದ. "ನಾನಲ್ಲ, ಹಿಟ್ಟು."

ಸೋಮವಾರ ಬ್ರೆಡ್ ಹಾಕುವ ಗಾಡಿಯಲ್ಲಿ ಲೋಟಗಳನ್ನು ಶಾಲೆಗೆ ತಂದುಕೊಟ್ಟು ಅವನು ತರಗತಿಯ ಬಾಗಿಲಲ್ಲೇ ನಿಂತ. ಮೇಡಂ ಪುಟ ತಿರುಗಿಸುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದಕ್ಕೆ ಗೆರೆ ಎಳೆದಿದೀಯ. ಅಳಿಸೋಕೆ ರಬ್ಬರ್ ಇರಲಿಲ್ವಾ?"

"ಅಳಿಸಿದ್ರೆ ಕಂಡದ್ದು ಹೋಗುತ್ತೆ ಮೇಡಂ. ಕಾರಣ ಪಕ್ಕದಲ್ಲಿದೆ."

ಮೇಡಂ ಗಟ್ಟಿಯಾಗಿ ಓದಿದರು: "ಅರವತ್ತರಿಂದ ತೊಂಬತ್ತನೇ ನಿಮಿಷದ ಒಳಗೆ, ಸುಮಾರು ಇಪ್ಪತ್ತೆರಡು ನಿಮಿಷ, ಲೋಟ ಓವನ್ನಿನ ಮೇಲಿತ್ತು. ಅಪ್ಪನಿಗೆ ಪಾಪ ಅನ್ನಿಸಿತು."

ತರಗತಿ ಗೊಳ್ಳೆಂದಿತು. ಮೇಡಂ ಬಾಗಿಲ ಕಡೆ ನೋಡಿದರು. ಅವನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಎಂಟು ಪ್ರಾಜೆಕ್ಟ್ ನೋಡಿದೆ," ಅಂದರು ಮೇಡಂ. "ಏಳರಲ್ಲಿ ಒಂದು ತಪ್ಪೂ ಆಗಿಲ್ಲವಂತೆ. ನಂಬೋಕೆ ಕಷ್ಟ. ಪ್ರದರ್ಶನಕ್ಕೆ ಇದು ಹೋಗಲಿ."

ಬೇಕರಿಗೆ ಮರಳಿದ ಅವನು ಗಲ್ಲಾದ ಮುಂದೆ ಎದೆಯುಬ್ಬಿಸಿ ನಿಂತ. "ಆಯ್ಕೆ ಆಯ್ತಮ್ಮ. ಮೂರು ಸಲ ಅಳೆದಿದ್ದಾಳೆ, ಮೂರು ಸಲಾನೂ ಓವನ್ನೇ ಮುಂದೆ."

"ಬೇಗ ಯಾವುದು ಅಂತ ಅಳೆದಿದ್ದಾಳೆ," ಅಂದಳು ತಾಯಿ. "ರುಚಿ ಯಾವುದಕ್ಕೆ ಅಂತ ಅಳೆದಳೇನು?"

ಸಂಜೆ ಶಾಲೆಯಿಂದ ಬಂದ ಮಗಳು ಅಜ್ಜಿಯ ಮಾತು ಕೇಳಿ ಚೀಲ ಇಳಿಸುವ ಮೊದಲೇ ಪುಸ್ತಕದ ಹೊಸ ಪುಟ ತೆರೆದಳು. ಆಮೇಲೆ ಒಂದು ಹಾಳೆ ಹರಿದು, ದಪ್ಪ ಅಕ್ಷರದಲ್ಲಿ ಏನೋ ಬರೆದು, ಉಗ್ರಾಣದ ಬಾಗಿಲಿಗೆ ಅಂಟಿಸಿದಳು. ಓದಲು ಅವನು ಹತ್ತಿರ ಹೋಗಬೇಕಾಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಾಡು ಗುನುಗುತ್ತ, ಮೈದಾ ತರಲು ಒಳಗೆ ಹೋದ.