ಎರಡು ದಿನ ಕಾಫಿ ಕುಡಿಯಬಾರದು

ಹಲ್ಲು ಬೆಳ್ಳಗೆ ಮಾಡಿಸಲು ಇಪ್ಪತ್ತು ಸಾವಿರ ದಿನಾರ್. ಅಷ್ಟು ಹಣಕ್ಕೆ ಎಂಟು ಕಿಲೋ ಕುರಿಮಾಂಸ ಬರುತ್ತದೆ. ಅನ್ನಾಬಾಕ್ಕೆ ಇಬ್ಬರು ಹೋಗಿ ಬರುವ ಬಸ್ ಚಾರ್ಜು, ಹೆಣ್ಣಿನ ಮನೆಗೆ ಒಯ್ಯುವ ಖರ್ಜೂರ, ಮಿಠಾಯಿ, ಅತ್ತರು ಎಲ್ಲ ಸೇರಿಸಿದರೂ ಅದಕ್ಕಿಂತ ಕಡಿಮೆಯೇ. ಗಂಡ ಸತ್ತ ಮೇಲೆ ಬಟ್ಟೆ ಹೊಲಿದು ಮಗನನ್ನು ಓದಿಸಿದ ಖಮೀಸಾಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವಳು ಕೊಟ್ಟಳು.

ಕಾರಣವಿತ್ತು. ಅವಳ ಊರು ಅಲ್ ವಾದಿಯ ಬಾವಿ ನೀರು ಕುಡಿದು ಬೆಳೆದವರ ಹಲ್ಲು ಕಂದು. ಊರೊಳಗೆ ಅದನ್ನು ಯಾರೂ ಗಮನಿಸುವುದಿಲ್ಲ. ಊರು ದಾಟಿದರೆ ಸಾಕು, ಬಾಯಿ ಬಿಟ್ಟ ಕೂಡಲೇ “ನೀವು ಮರಳುಗಾಡಿನ ಕಡೆಯವರಾ?” ಎನ್ನುತ್ತಾರೆ. ಈಗ ಮಗ ತಿಜಾನಿ ಸಮುದ್ರದ ದಡದ ಅನ್ನಾಬಾದಲ್ಲಿ ಒಂದು ಹುಡುಗಿಯನ್ನು ಮೆಚ್ಚಿದ್ದ. ಹೆಣ್ಣು ಕೇಳಲು ಮೊದಲು ಹೆಂಗಸರು ಹೋಗಬೇಕು. ನಿಸ್ರೀನ್ ಎಂಬ ಆ ಹುಡುಗಿಯ ಫೋಟೋದಲ್ಲಿ ಖಮೀಸಾ ಎಲ್ಲಕ್ಕಿಂತ ಮೊದಲು ನೋಡಿದ್ದು ಹಲ್ಲುಗಳನ್ನು.

“ಒಂದು ವಾರ ಮುಂಚೆ ಬನ್ನಿ,” ಎಂದಿದ್ದರು ಹಲ್ಲಿನ ಡಾಕ್ಟರ್ ಸಮೀಹಾ.

ಖಮೀಸಾ ಮನಸ್ಸಿನಲ್ಲೇ ಬೇರೆ ಲೆಕ್ಕ ಹಾಕಿದಳು. ಈದ್‌ಗೆಂದು ಗೋಡೆಗೆ ಸುಣ್ಣ ಹೊಡೆಯುವುದು ಒಂದು ವಾರ ಮುಂಚೆಯೇ? ಹಬ್ಬದ ಹಿಂದಿನ ದಿನ ಹೊಡೆದರೆ ತಾನೇ ಹೊಳೆಯುವುದು? ಹೊರಡುವ ಹಿಂದಿನ ದಿನ ಹೋಗಿ ಕುರ್ಚಿಯಲ್ಲಿ ಒರಗಿದಳು. ಡಾಕ್ಟರು ತುಟಿಗಳನ್ನು ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ ಸಿಕ್ಕಿಸಿ, ಒಸಡಿಗೆ ರಕ್ಷಣೆಯ ಪದರ ಹಚ್ಚಿ, ಹಲ್ಲಿನ ಮೇಲೆ ಮದ್ದು ಬಳಿದು ನೀಲಿ ದೀಪ ಹಿಡಿದರು. ಆಗಾಗ ಹಲ್ಲಿನ ಬೇರಿನಲ್ಲಿ ಸೂಜಿ ಚುಚ್ಚಿದಂತೆ ಚುಳಕ್ ಎನ್ನುತ್ತಿತ್ತು. ಬಟ್ಟೆ ಹೊಲಿಯುವ ಬೆರಳಿಗೆ ಸೂಜಿ ಹೊಸದಲ್ಲ; ಖಮೀಸಾ ಸುಮ್ಮನೆ ಸಹಿಸಿದಳು.

“ನೀರಿನ ಕಲೆ ಪೂರ್ತಿ ಹೋಗಲ್ಲಮ್ಮ. ತಿಳಿ ಆಗಿದೆ, ಅಷ್ಟೆ,” ಎಂದರು ಡಾಕ್ಟರು. “ಈಗ ಹಲ್ಲು ಹಸಿ ಗೋಡೆ ಇದ್ದ ಹಾಗೆ, ಬಣ್ಣ ಬಿದ್ದರೆ ಹೀರ್ಕೊಳ್ಳುತ್ತೆ. ಎರಡು ದಿನ ಕಾಫಿ ಇಲ್ಲ, ಚಹಾ ಇಲ್ಲ, ಟೊಮೇಟೊ ಸಾರು ಇಲ್ಲ.”

“ಹಾಲು?”

“ಹಾಲು ಕುಡೀರಿ, ಎಷ್ಟು ಬೇಕಾದ್ರೂ.”

ಖಮೀಸಾಗೆ ನಿರಾಳವಾಯಿತು. ಅವಳ ಕಡೆ ಅತಿಥಿಗೆ ಕೊಡುವುದು ಹಾಲು ಮತ್ತು ಖರ್ಜೂರ. ಹಾಲು ಕುಡಿದರೆ ಮರ್ಯಾದೆ ಆಯಿತು. ಅನ್ನಾಬಾದಲ್ಲೂ ಹಾಗೆಯೇ ಇರುತ್ತದೆ ಎಂದುಕೊಂಡಳು.

ಬಸ್ಸಿನಲ್ಲಿ ಅಕ್ಕ ಮಬ್ರೂಕಾ ಅವಳ ಬಾಯನ್ನೇ ನೋಡುತ್ತ ಕುಳಿತಿದ್ದಳು.

“ಚೆನ್ನಾಗಿದೆ ಕಣೇ. ಆದ್ರೆ ಸುಮ್ಮಸುಮ್ಮನೆ ನಗಬೇಡ. ಮದುವೆ ನಿಂಗೋ ನಿನ್ನ ಮಗನಿಗೋ ಅಂತ ಕೇಳಿಬಿಟ್ಟಾರು.”

ಹೆಣ್ಣಿನ ಮನೆ ಎರಡನೇ ಮಹಡಿಯಲ್ಲಿತ್ತು. ಹುಡುಗಿಯ ತಾಯಿ ವಸೀಲಾ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಮೂಲೆಯ ದಿಂಬಿಗೆ ಅಜ್ಜಿ ಒರಗಿ ಕುಳಿತಿದ್ದಳು. ಮಾತು ಚೆನ್ನಾಗಿಯೇ ಸಾಗಿತು, ಖಮೀಸಾ ಬಾಯಿಗೆ ಕೈ ಅಡ್ಡ ಇಡದೆ ನಕ್ಕಳು. ಆಮೇಲೆ ನಿಸ್ರೀನ್ ಬಂದಳು. ಹಿತ್ತಾಳೆಯ ತಟ್ಟೆ, ಅದರಲ್ಲಿ ಪುಟ್ಟ ಬಟ್ಟಲುಗಳು, ಬಟ್ಟಲುಗಳಲ್ಲಿ ಕಾಫಿ. ಹುಡುಗಿ ನೇರವಾಗಿ ಬಂದು ಖಮೀಸಾಳ ಮುಂದೆ ಬಾಗಿದಳು.

“ಬೇಡಮ್ಮ,” ಎಂದಳು ಖಮೀಸಾ.

ಹುಡುಗಿ ತಟ್ಟೆ ಹಿಡಿದು ಬಾಗಿಯೇ ನಿಂತಳು.

“ಒಂದು ಗುಟುಕಾದ್ರೂ,” ಎಂದಳು ವಸೀಲಾ. “ಅವಳೇ ಮಾಡಿದ್ದು.”

“ಬೇಡ ಬೇಡ. ಹಾಲಿದ್ರೆ ಸಾಕು.”

ಹುಡುಗಿ ಕಣ್ಣೆತ್ತದೆ ತಟ್ಟೆಯನ್ನು ವಾಪಸು ಒಯ್ದಳು. ಒಳಗೆ ಕಾಫಿಯನ್ನು ಚೆಲ್ಲಿ ಬಟ್ಟಲು ತೊಳೆಯುವ ಸದ್ದು ಕೇಳಿಸಿತು. ವಸೀಲಾಳ ಮುಖ ಬಿಗಿದುಕೊಂಡಿತು. ಹವಾ ಹೇಗಿದೆ, ಬಸ್ಸು ಎಷ್ಟು ಗಂಟೆಗೆ, ಎಂದು ಎದ್ದು ಹೋಗುವವರನ್ನು ಕೇಳುವ ಮಾತು ಕೇಳತೊಡಗಿದಳು.

ಮಬ್ರೂಕಾ ತಂಗಿಯ ಕಿವಿಗೆ ಬಾಗಿದಳು. “ಏನೇ ಮಾಡಿಬಿಟ್ಟೆ? ಈ ಕಡೆ ಹುಡುಗಿ ತಂದ ಕಾಫಿ ಬೇಡ ಅಂದ್ರೆ ಹುಡುಗಿ ಬೇಡ ಅಂತ. ಬಾಯಿಬಿಟ್ಟು ಹೇಳೋ ಕಷ್ಟ ಬೇಡಾಂತ ಹಿಂಗೆ ಹೇಳ್ತಾರೆ.”

“ಮೊದಲೇ ಹೇಳಬಾರದಿತ್ತಾ?”

“ಮನೇಲಿ ದಿನಕ್ಕೆ ಹತ್ತು ಸಲ ಕುಡಿಯೋಳು ಇಲ್ಲಿ ಬೇಡ ಅಂತೀಯ ಅಂತ ಯಾರಿಗೆ ಗೊತ್ತು?”

ಖಮೀಸಾ ಯೋಚಿಸಿದಳು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಈಗಷ್ಟೇ ಎರಡು ತುಂಡು ಬಾದಾಮಿ ಮಿಠಾಯಿ ತಿಂದಿದ್ದಳು, ಯಾರೂ ನಂಬುತ್ತಿರಲಿಲ್ಲ. ನಿಜ ಹೇಳಿದರೆ, ನಿಮ್ಮ ಮುಂದೆ ನಾಚಿಕೆಯಾಗಬಾರದೆಂದು ಹಲ್ಲಿನ ಬಣ್ಣ ತೆಗೆಸಿಕೊಂಡು ಬಂದೆ ಎಂದು ತನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕು. ಹೇಳದಿದ್ದರೆ ತಿಜಾನಿಗೆ ಏನು ಉತ್ತರ ಕೊಡುವುದು? ಮೊದಲೇ ಅನ್ನಾಬಾಕ್ಕೆ ಬಂದಿದ್ದ ಅವನು ಬೀದಿಯ ಕೊನೆಯಲ್ಲಿ ಫೋನ್ ಹಿಡಿದು ಕಾಯುತ್ತಿದ್ದ.

“ವಸೀಲಾ,” ಎಂದಳು. “ಹುಡುಗಿ ನಂಗೆ ಬೇಕು. ಕಾಫಿ ಬೇಡ ಅಂದಿದ್ದು ನನ್ನ ಹಲ್ಲಿಗೋಸ್ಕರ.” ತುಟಿ ಎತ್ತಿ ತೋರಿಸಿದಳು. “ನಮ್ಮ ಊರಿನ ನೀರು ಗೊತ್ತಲ್ಲ. ನೀವು ನೋಡ್ತೀರಿ ಅಂತ ನಿನ್ನೆ ತಿಕ್ಕಿಸ್ಕೊಂಡು ಬಂದೆ. ಡಾಕ್ಟರು ಎರಡು ದಿನ ಕಾಫಿ ಕುಡೀಬೇಡ ಅಂದ್ರು. ನಿಮ್ಮ ಕಡೆ ರೀತಿ ನಂಗೆ ಗೊತ್ತಿರಲಿಲ್ಲ.”

ವಸೀಲಾ ಬಗ್ಗಿ ಆ ಹಲ್ಲುಗಳನ್ನು ನೋಡಿದಳು. ಮೂಲೆಯಿಂದ ಅಜ್ಜಿ ಕೇಳಿದಳು:

“ಹುಡುಗೀನ ನೋಡೋಕೆ ಬಂದ್ಯೋ, ನಿನ್ನೇ ತೋರಿಸೋಕೆ ಬಂದ್ಯೋ?”

“ಎರಡಕ್ಕೂ ಅಜ್ಜಿ,” ಎಂದಳು ಖಮೀಸಾ.

ಅಜ್ಜಿ ಒಂದೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ವಸೀಲಾಳಿಗೂ ನಗು ತಡೆಯಲಾಗಲಿಲ್ಲ. ಹುಡುಗಿಗೆ ಮತ್ತೆ ಕರೆ ಹೋಯಿತು. ಈ ಸಲ ಅವಳು ತಟ್ಟೆ ಹಿಡಿದು ಬಾಗುವ ಮೊದಲೇ ಖಮೀಸಾ ಬಟ್ಟಲು ಎತ್ತಿಕೊಂಡಳು. ಕುಡಿದಳು. ಇನ್ನೊಂದು ಕೇಳಿದಳು. ಕೊನೆಯ ಗುಟುಕಿನ ಗಷ್ಟನ್ನೂ ಬಿಡಲಿಲ್ಲ.

ಮದುವೆ ಚಳಿಗಾಲದಲ್ಲಿ ಆಯಿತು. ಹಲ್ಲು ಅಷ್ಟರಲ್ಲಿ ಮಾಸಿತ್ತು, ಅಲ್ಲಲ್ಲಿ ಮಬ್ಬು ಮಚ್ಚೆ. ಡಾಕ್ಟರು ಮತ್ತೊಮ್ಮೆ ಮಾಡಬಹುದು ಎಂದರು, ಖಮೀಸಾ ಬೇಡ ಎಂದಳು. ನಿಸ್ರೀನ್ ಒಳ್ಳೆಯ ಸೊಸೆ. ಹೊಲಿಗೆ ಕಲಿತಳು, ಅತ್ತೆಯ ಜೊತೆ ಜಗಳವನ್ನೂ ಆಡುತ್ತಾಳೆ. ಆದರೆ ಕಾಫಿ ತಂದಾಗ ಮಾತ್ರ ಕೈಗೆ ಕೊಡುವ ಮೊದಲು ಒಂದು ಕ್ಷಣ ನಿಂತು, “ಕುಡೀತೀರಾ ಅತ್ತೆ?” ಎಂದು ಕೇಳುತ್ತಾಳೆ. ಕುಡಿಯುತ್ತೇನೆಂದು ಖಮೀಸಾ ಎಷ್ಟು ಸಲ ಹೇಳಿದರೂ ಆ ಪ್ರಶ್ನೆ ನಿಂತಿಲ್ಲ.

ಖಮೀಸಾಗೆ ಸೊಸೆ ಸಿಕ್ಕಳು. ಸೊಸೆ ತಂದ ಮೊದಲ ಬಟ್ಟಲು ಸಿಗಲಿಲ್ಲ.